ಗುಂಪಿಗೆ ಒಂದೇ ವಿಸಿಲ್ ಸಾಕು, ಒಂದೇ ವೇಗ ಬೇಡ

ಗುಂಪಾಗಿ ಇಂಟರ್ವಲ್, ಅಂದರೆ ಸ್ವಲ್ಪ ಜೋರು ಓಟ, ಸ್ವಲ್ಪ ಬಿಡುವು ಎಂದು ಮತ್ತೆ ಮತ್ತೆ ಓಡುವವರು 400 ಮೀಟರ್, 800 ಮೀಟರ್ ಎಂದು ದೂರ ಗೊತ್ತುಮಾಡಿಕೊಂಡು ಓಡುವುದನ್ನು ಬಿಡಬೇಕು, ನಿಮಿಷ ಹಿಡಿದು ಓಡಬೇಕು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಕಸುವಿನ ಜನ ಒಂದೇ ಮೈದಾನದಲ್ಲಿ ಸೇರುವ ನಮ್ಮ ಕಾಸರಗೋಡಿನ ಕಡೆಗೆ ಇದಕ್ಕಿಂತ ನ್ಯಾಯವಾದ ಕ್ರಮ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ.

ಗುಂಪಿನಲ್ಲಿ ಮೂವರಿದ್ದಾರೆ ಎಂದುಕೊಳ್ಳಿ. 5 ಕಿ.ಮೀ.ಗೆ ಒಬ್ಬರಿಗೆ 20 ನಿಮಿಷ, ಇನ್ನೊಬ್ಬರಿಗೆ 25, ಮತ್ತೊಬ್ಬರಿಗೆ 35 ಬೇಕು. ಪ್ರತಿ 6 ನಿಮಿಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಹೊರಟು 800 ಮೀಟರ್ ಓಡುವುದೆಂದು ಇಟ್ಟರೆ, ತಮ್ಮ ತಮ್ಮ 5 ಕಿ.ಮೀ. ವೇಗದಲ್ಲೇ ಓಡಿದರೂ ಮೊದಲನೆಯವರು 3 ನಿಮಿಷ 12 ಸೆಕೆಂಡಿಗೆ ಮುಗಿಸಿ 2 ನಿಮಿಷ 48 ಸೆಕೆಂಡು ದಣಿವಾರಿಸಿಕೊಳ್ಳುತ್ತಾರೆ. ಎರಡನೆಯವರಿಗೆ ಸರಿಯಾಗಿ 2 ನಿಮಿಷ ಸಿಗುತ್ತದೆ. ಮೂರನೆಯವರು ಮುಗಿಸುವಾಗ 5 ನಿಮಿಷ 36 ಸೆಕೆಂಡು ಆಗಿರುತ್ತದೆ. ಉಳಿದದ್ದು 24 ಸೆಕೆಂಡು. ಯಾರಿಗೆ ಬಿಡುವು ಹೆಚ್ಚು ಬೇಕೋ ಅವರಿಗೇ ಇಲ್ಲ. ಹಾಗಾದರೆ ಕೊನೆಯವರು ಬರುವ ತನಕ ಕಾದು, ಆಮೇಲೆ 2 ನಿಮಿಷ ಬಿಡುವು ಕೊಡುವ ಎಂದರೆ ಮೊದಲನೆಯವರು ನಾಲ್ಕೂಕಾಲು ನಿಮಿಷಕ್ಕೂ ಹೆಚ್ಚು ನಿಂತು ಮೈ ತಣಿಸಿಕೊಳ್ಳುತ್ತಾರೆ. ಎರಡೂ ತಪ್ಪೇ.

ಇಂಟರ್ವಲ್ ಎಂಬ ಮಾತಿನ ಅರ್ಥವೇ ನಡುವಿನ ಬಿಡುವು. 1930ರ ದಶಕದಲ್ಲಿ ಜರ್ಮನಿಯಲ್ಲಿ ಕೋಚ್ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ವೈದ್ಯ ಹರ್ಬರ್ಟ್ ರೈಂಡೆಲ್ ಈ ಪದ್ಧತಿಯನ್ನು ಕಟ್ಟಿದಾಗ ಅವರ ಕಣ್ಣಿದ್ದದ್ದು ಬಿಡುವಿನ ಮೇಲೆ. ಎದೆಬಡಿತ ನಿಮಿಷಕ್ಕೆ 180ರ ಹತ್ತಿರ ಏರಬೇಕು, 120ಕ್ಕೆ ಇಳಿದ ಮೇಲೆಯೇ ಮತ್ತೆ ಓಡಬೇಕು. ಗೆರ್ಶ್ಲರ್ ತಯಾರು ಮಾಡಿದ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನಿನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದರು. ಆ ದಾಖಲೆ 1955ರವರೆಗೆ ಮುರಿಯಲಿಲ್ಲ. 180, 120 ಎಂಬ ಅಂಕಿಗಳು ಎಲ್ಲ ವಯಸ್ಸಿಗೂ ಹೊಂದುವುದಿಲ್ಲ, 50 ದಾಟಿದವರು ಅದರ ಹಿಂದೆ ಬೀಳುವುದೇ ಬೇಡ. ಆದರೆ ಬಿಡುವನ್ನೂ ಓಟದಷ್ಟೇ ಕಟ್ಟುನಿಟ್ಟಾಗಿ ಅಳೆಯಬೇಕು ಎಂಬ ಮಾತು ಎಲ್ಲರಿಗೂ ಸಲ್ಲುತ್ತದೆ.

ನಿಮಿಷ ಹಿಡಿದು ಓಡುವ ವಿಸಿಲ್ ಕ್ರಮ ಹೀಗೆ: 3 ನಿಮಿಷ ಜೋರು, 2 ನಿಮಿಷ ನಿಧಾನ ಜಾಗಿಂಗ್ ಅಥವಾ ನಡಿಗೆ. ಇಂಥ 5 ಕಂತು. ವಿಸಿಲ್ ಆದಾಗ ಎಲ್ಲಿದ್ದೀರೋ ಅಲ್ಲಿಂದಲೇ ಶುರು, ಅಲ್ಲಿಗೇ ಜೋರು ಓಟಕ್ಕೆ ನಿಲುಗಡೆ. ಎಲ್ಲರಿಗೂ ಕೆಲಸ ಸಮ, ಬಿಡುವು ಸಮ, ದೂರ ಮಾತ್ರ ಅವರವರದು. ಕಾಲುನೋವಿನಿಂದ ಆ ವಾರ ಓಡದವರು ಯಾರಾದರೂ ವಿಸಿಲ್ ಹಿಡಿದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನ ಟೈಮರಿಗೆ ಒಂದು ಸ್ಪೀಕರ್ ಜೋಡಿಸಿದರೂ ನಡೆಯುತ್ತದೆ.

3 ನಿಮಿಷದ ಒಂದು ಕಂತಿಗೆ ನಿಮ್ಮ ದೂರ ಎಷ್ಟಿರಬೇಕು? 15,000ವನ್ನು (5,000 ಮೀಟರಿನ 3 ಪಟ್ಟು) ನಿಮ್ಮ 5 ಕಿ.ಮೀ. ನಿಮಿಷಗಳಿಂದ ಭಾಗಿಸಿ. 20 ನಿಮಿಷದವರಿಗೆ 750 ಮೀಟರ್, 25ರವರಿಗೆ 600, 30ರವರಿಗೆ 500. ನಮ್ಮಲ್ಲಿ ಹೆಚ್ಚಾಗಿ ಸಿಗುವ 200 ಮೀಟರಿನ ಶಾಲಾ ಮೈದಾನದಲ್ಲಿ ಇದು ಮೂರೂಮುಕ್ಕಾಲು ಸುತ್ತು, 3 ಸುತ್ತು, ಎರಡೂವರೆ ಸುತ್ತು. 50 ಮೀಟರಿಗೊಂದು ಗುರುತು ಇದ್ದರೆ ಎಣಿಸುವುದು ಸುಲಭ.

ಸಿಂಥೆಟಿಕ್ ಟ್ರ್ಯಾಕ್ ಬೇಕೆಂದರೆ ಮಂಗಳೂರಿನ ಮಂಗಳಾ ಕ್ರೀಡಾಂಗಣದವರೆಗೆ ಹೋಗಬಹುದು. ಆದರೆ ಕುಂಬಳೆಯವರೋ ಪೆರ್ಲದವರೋ ವಾರವಾರ ಅಷ್ಟು ದೂರ ಹೋಗುವುದು ಆಗುವ ಮಾತಲ್ಲ. ಶಾಲೆಯವರ ಒಪ್ಪಿಗೆ ಕೇಳಿ ಮೈದಾನದಲ್ಲೇ ಗುರುತು ಹಾಕಿ. 50 ಮೀಟರ್ ಅಂತರದಲ್ಲಿ ಎರಡು ಗೂಟ ಊರಿ. ಒಂದೊಂದು ಗೂಟದಿಂದ 15.72 ಮೀಟರಿಗೆ ಟೇಪು ಎಳೆದು ಹೊರಬದಿಗೆ ಅರ್ಧ ವೃತ್ತ ಬರೆಯಿರಿ, ತುದಿಗಳನ್ನು ನೇರ ಗೆರೆಯಿಂದ ಸೇರಿಸಿ. ಓಡುವವರು ಗೆರೆಯ ಮೇಲೆ ಕಾಲಿಡುವುದಿಲ್ಲ, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಓಡುತ್ತಾರೆ ಎಂದು ಹಿಡಿದ ಲೆಕ್ಕ ಇದು. ಆಗ ಸುತ್ತು ಸರಿಯಾಗಿ 200 ಆಗುತ್ತದೆ. ಇದಕ್ಕೆ ಸುಮಾರು 82 ಮೀಟರ್ ಉದ್ದ, 32 ಮೀಟರ್ ಅಗಲದ ಜಾಗ ಬೇಕು, ಓಡಲು ಹೊರಗೆ ಇನ್ನೆರಡು ಮೀಟರ್ ಬೇರೆ. ಉದ್ದ ಸಾಲದಿದ್ದರೆ ಗೂಟಗಳ ಅಂತರ 40, ಟೇಪು 18.90 ಮೀಟರ್. ತೆಂಗಿನ ನಾರಿನ ಹಗ್ಗದಲ್ಲಿ ಅಳೆಯಬೇಡಿ, ಎಳೆದಂತೆ ಅದು ಹಿಗ್ಗುತ್ತದೆ. ಸುಣ್ಣದ ಹುಡಿ ಒಂದು ಮಳೆಗೆ ತೊಳೆದುಹೋಗುವುದರಿಂದ ಗೂಟದ ಜಾಗ ಗೋಲ್ ಕಂಬದಿಂದ ಎಷ್ಟು ದೂರ ಎಂದು ಬರೆದಿಟ್ಟುಕೊಳ್ಳಿ.

ಜಿಪಿಎಸ್ ವಾಚನ್ನು ಇಲ್ಲಿ ನಂಬಬೇಡಿ. ಇಷ್ಟು ಸಣ್ಣ ತಿರುವಿನಲ್ಲಿ ಅದು ಸುತ್ತನ್ನು ತಪ್ಪಾಗಿ ಅಳೆಯುತ್ತದೆ, ಆ ಕ್ಷಣದ ವೇಗವೆಂದು ತೋರಿಸುವ ಅಂಕಿಯಂತೂ ಜಿಗಿಯುತ್ತಲೇ ಇರುತ್ತದೆ. 400 ಮೀಟರ್ ಟ್ರ್ಯಾಕಿಗೆ ಹೋದ ದಿನ ಲೇನ್ ನೆನಪಿರಲಿ. ಎರಡನೇ ಲೇನಿನಲ್ಲಿ ಒಂದು ಸುತ್ತೆಂದರೆ ಸುಮಾರು 407 ಮೀಟರ್.

ದೇವಸ್ಥಾನದ ಪ್ರದಕ್ಷಿಣೆಗೆ ಟ್ರ್ಯಾಕಿನ ಸುತ್ತು ಪೂರ್ತಿ ವಿರುದ್ಧ, ಎಡಗೈ ಒಳಗಿರಬೇಕು. 200 ಮೀಟರಿನ ಇಕ್ಕಟ್ಟಾದ ತಿರುವಿನಲ್ಲಿ ಒಂದೇ ದಿಕ್ಕಿಗೆ ಓಡುತ್ತಲೇ ಇದ್ದರೆ ಎರಡು ಕಾಲಿನ ಮೇಲೆ ಬೀಳುವ ಭಾರ ಬೇರೆಬೇರೆಯಾಗಿ ಪಾದದ ಗಂಟು, ಮೊಣಕಾಲು ನೋಯಲು ಶುರುವಾಗುತ್ತದೆ. ಹಾಗಾಗಿ ಮೂರನೇ ಕಂತಿನ ಬಿಡುವಿನಲ್ಲಿ ಎಲ್ಲರೂ ಒಟ್ಟಿಗೆ ದಿಕ್ಕು ಬದಲಿಸಿ. ಒಬ್ಬಿಬ್ಬರು ಮಾತ್ರ ತಿರುಗಿದರೆ ಡಿಕ್ಕಿ ಖಂಡಿತ. ಜೋರು ಓಡುವವರಿಗೆ ಒಳಗಿನ ದಾರಿ, ಜಾಗಿಂಗ್ ಮಾಡುವವರು, ವಾಕಿಂಗ್ ಬಂದ ಹಿರಿಯರು ಹೊರಗೆ. ಹಿಂದಿನಿಂದ ಬರುವವರು ಹತ್ತು ಹೆಜ್ಜೆ ಇರುವಾಗಲೇ ಬೊಬ್ಬೆ ಹಾಕಬೇಕು.

ಶುರುವಿಗೆ 10ರಿಂದ 15 ನಿಮಿಷ ನಿಧಾನ ಓಟ, ಆಮೇಲೆ 80 ಮೀಟರಿನ 4 ಓಟ, ಒಂದಕ್ಕಿಂತ ಒಂದು ಸ್ವಲ್ಪ ಜೋರು. ಇದನ್ನು ಬಿಟ್ಟು ನೇರ ಕಂತಿಗೆ ಇಳಿದವರಿಗೆ ಮೀನಖಂಡವೋ ಹಿಂದೊಡೆಯೋ ಹಿಡಿದುಕೊಳ್ಳುತ್ತದೆ. ಹೊಸಬರು 5 ಕಂತಿಗೆ ಬರಲೇಬಾರದು: ಮೊದಲ 4 ವಾರ 1 ನಿಮಿಷ ಜೋರು, 2 ನಿಮಿಷ ನಡಿಗೆ, 6 ಸಲ. ಅದಕ್ಕೂ ಮೊದಲು ಎರಡು ಮೂರು ತಿಂಗಳು ನಿಧಾನ ಓಟದ ಅಭ್ಯಾಸ ಬೇಕು. ಬಿ.ಪಿ., ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಬನ್ನಿ. ಎದೆ ಹಿಡಿದಂತೆ, ತಲೆ ತಿರುಗಿದಂತೆ ಆದರೆ ಆ ದಿನದ ಓಟ ಅಲ್ಲಿಗೇ ಮುಗಿಯಿತು. ವಾರಕ್ಕೆ ಇಂಟರ್ವಲ್ ಒಂದೇ ದಿನ.

ನಮ್ಮ ಸೆಕೆಯ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಆರಕ್ಕೇ ಗಾಳಿಯಲ್ಲಿ ನೀರಿನಂಶ ತುಂಬಿರುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರಿನಿಂದ ಮೈ ತಣಿಯುವುದಿಲ್ಲ. ಜನವರಿಯ ವೇಗಕ್ಕೇ ಎದೆಬಡಿತ ಹೆಚ್ಚು ಏರುತ್ತದೆ. ಆಗ 2 ನಿಮಿಷದ ಬಿಡುವನ್ನು 3 ಮಾಡಿ, ಕಂತನ್ನು 4ಕ್ಕೆ ಇಳಿಸಿ. ಓಡಿದ ಮೇಲೆ ಉಪ್ಪು ಹಾಕಿದ ಗಂಜಿ ತಿಳಿ, ಇಲ್ಲವೇ ಮಜ್ಜಿಗೆ ನೀರು ಕುಡಿಯಿರಿ. ಮಳೆಗಾಲದಲ್ಲಿ ಮುರಕಲ್ಲಿನ ನೆಲಕ್ಕೆ ಪಾಚಿ ಹಿಡಿದಾಗ ತಿರುವಿನಲ್ಲಿ ಜೋರು ಓಟ ಬೇಡ. ವಿಸಿಲ್ ಕ್ರಮಕ್ಕೆ ಟ್ರ್ಯಾಕೇ ಆಗಬೇಕೆಂದಿಲ್ಲ, ವಾಹನ ಕಡಿಮೆ ಇರುವ ಒಳರಸ್ತೆಯೂ ಆಗುತ್ತದೆ.

ಕಂತು ಮುಗಿದ ಕೂಡಲೇ ಕೂರಬೇಡಿ, ಮಲಗಬೇಡಿ. ಕಾಲಿಗೆ ಇಳಿದ ರಕ್ತವನ್ನು ಮೇಲೆ ದೂಡುವುದು ನಡೆಯುವ ಕಾಲಿನ ಸ್ನಾಯುಗಳು. ತಟ್ಟನೆ ನಿಂತರೆ ಕಣ್ಣು ಕತ್ತಲೆ ಬರುತ್ತದೆ.

ಪ್ರತಿಯೊಬ್ಬರ ದೂರವನ್ನೂ ಕಂತುಕಂತಾಗಿ ಬರೆದಿಡಿ. 600, 600, 590, 600, 600 ಎಂದು ಬಂದರೆ ಅದು ಚೆನ್ನಾದ ಅಭ್ಯಾಸ. 680, 640, 580, 530, ಕೊನೆಗೆ ನಡಿಗೆ ಎಂದಿದ್ದರೆ ಅವರು ಮೊದಲ ಕಂತಿನಲ್ಲಿ ಪಕ್ಕದವರ ಹಿಂದೆ ಓಡಿದ್ದಾರೆ. ಮುಂದಿನ ವಾರ ಅವರಿಗೆ ಮೊದಲ ಕಂತಿಗೆ 570 ಮೀಟರಿನ ಗುರಿ ಕೊಡಿ, ಹೊರಡುವಾಗ ಗುಂಪಿನ ಹಿಂದೆ ನಿಲ್ಲಿಸಿ.