ಅಪ್ಪನನ್ನೇ ಕೇಳಲು ನಮಗೆ 11 ದಿನ ಬೇಕಾಯಿತು

ಅಪ್ಪನಿಗೆ ಬಂದಿರುವುದು ರಕ್ತದ ಕ್ಯಾನ್ಸರ್ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಪ್ಪನೊಬ್ಬರನ್ನು ಬಿಟ್ಟು. 11 ದಿನ ಹಾಗೇ ತಳ್ಳಿದೆವು. "ರಕ್ತ ಕಮ್ಮಿಯಾಗಿದೆ ಅಪ್ಪಾಜಿ, ಏರಿಸಿ ಕಳಿಸ್ತಾರೆ" ಅಂತ ನಾನೇ ದಿನಾ ಹೇಳುತ್ತಿದ್ದೆ. ಹೋದ ವಾರ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಅವಳ ಅತ್ತೆಗೂ ಇದೇ ಕಾಯಿಲೆ, ಎಎಂಎಲ್. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ. ಅತ್ತೆಗೆ ಹೇಳಿಲ್ಲ, ಯಾವ ಟ್ರೀಟ್‌ಮೆಂಟ್ ಕೊಡಿಸೋದು ಅಂತ ಅಣ್ಣತಮ್ಮಂದಿರೆಲ್ಲ ಕೂತು ಮಾತಾಡುತ್ತಿದ್ದಾರಂತೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ. ಆದರೆ 15 ತಿಂಗಳು ಈ ಕಾಯಿಲೆಯ ಪಕ್ಕದಲ್ಲೇ ಕೂತಿದ್ದೆ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಹಾಸನ ಡಿಪೋ. ಕಾಯಿಲೆ ಗೊತ್ತಾದಾಗ 71 ವರ್ಷ. ಮೊದಲು ಸುಸ್ತು ಅಂದರು, ವಯಸ್ಸಾಯ್ತಲ್ಲ ಅಂದುಕೊಂಡೆವು. ಆಮೇಲೆ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ಕಣಕಾಲಿನ ಸುತ್ತ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳು. ಬೆವರುಸಾಲೆ ಅಂತ ಅಮ್ಮ ಪೌಡರ್ ಹಚ್ಚಿದ್ದರು. ಬೆರಳಲ್ಲಿ ಒತ್ತಿದರೂ ಆ ಕೆಂಪು ಮಾಸುತ್ತಿರಲಿಲ್ಲ, ಅದು ಚರ್ಮದಡಿ ಒಸರಿದ ರಕ್ತ ಅಂತ ನಮಗೆ ಆಮೇಲೆ ತಿಳಿಯಿತು. ಪ್ಲೇಟ್‌ಲೆಟ್ ಕಡಿಮೆಯೆಂದರೂ ಒಂದೂವರೆ ಲಕ್ಷ ಇರಬೇಕು, ಅಪ್ಪನಿಗೆ ಇದ್ದದ್ದು 9,000.

ಮೊದಲು ತೋರಿಸಿದ ನರ್ಸಿಂಗ್ ಹೋಮಿನಲ್ಲಿ, "ಈ ವಯಸ್ಸಲ್ಲಿ ಯಾಕೆ ಹಿಂಸೆ ಕೊಡ್ತೀರ, ಮನೆಗೆ ಕರ್ಕೊಂಡು ಹೋಗಿ" ಅಂದರು. ಎರಡನೇ ಕಡೆ ರಿಪೋರ್ಟ್ ನೋಡಿದವರೇ, "ಇವತ್ತೇ ಅಡ್ಮಿಟ್ ಮಾಡಿ, ನಾಳೆಯಿಂದ ಸ್ಟ್ರಾಂಗ್ ಕೀಮೋ" ಅಂದರು. ಒಬ್ಬರು ಕೈಬಿಡಿ ಅಂದರು, ಇನ್ನೊಬ್ಬರು ಹಣ ಕಟ್ಟಿ ಅಂದರು. ಇಬ್ಬರೂ ಅಪ್ಪನ ಮುಖ ನೋಡಿ ಮಾತಾಡಲಿಲ್ಲ. ಅವರನ್ನು ದೂರುವ ಮೊದಲು ಒಪ್ಪಿಕೊಳ್ಳಬೇಕು, ನಾವೂ ಹಾಗೆಯೇ ಮಾಡುತ್ತಿದ್ದೆವು.

ವಯಸ್ಸಾದವರಿಗೆ ಈ ಕಾಯಿಲೆ ಬಂದರೆ ಮುಗಿಯಿತು ಅನ್ನುವುದು ಹಳೆಯ ಮಾತು. ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿ 55 ದಾಟಿದವರ ಎಎಂಎಲ್‌ಗಾಗಿ 2020ರಲ್ಲಿ ಮಾರ್ಗಸೂಚಿ ಹೊರತಂದಿತು. ಅದರ ಮೊದಲ ಸಲಹೆಯೇ ಇದು: ಔಷಧಿ ತಡೆದುಕೊಳ್ಳಬಲ್ಲವರಿಗೆ ಬರೀ ಆರೈಕೆ ಮಾಡಿ ಸುಮ್ಮನಾಗಬೇಡಿ, ಕಾಯಿಲೆಗೇ ಔಷಧಿ ಕೊಡಿ. ಹಾಗಂತ ಎಲ್ಲರಿಗೂ ಒಂದೇ ಔಷಧಿ ಅಂತಲೂ ಅಲ್ಲ.

ದೊಡ್ಡ ಕೀಮೋವನ್ನು ಆಸ್ಪತ್ರೆಯವರು "ಸೆವೆನ್ ಪ್ಲಸ್ ತ್ರೀ" ಅನ್ನುತ್ತಾರೆ. ಸೈಟರಾಬಿನ್ 7 ದಿನ ಬಿಡದೆ ಡ್ರಿಪ್‌ನಲ್ಲಿ, ಅದರಲ್ಲಿ 3 ದಿನ ಡೌನೋರುಬಿಸಿನ್. 1973ರಿಂದ ಬಳಕೆಯಲ್ಲಿದೆ. ಔಷಧಿ ಒಂದೇ ವಾರ, ಆದರೆ ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಪೂರ್ತಿ ಕುಸಿದು ಮತ್ತೆ ಏಳುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು ವಾರ್ಡಿನಲ್ಲೇ ಇರಬೇಕು. ಆ ದಿನಗಳಲ್ಲಿ ಒಂದು ಸಣ್ಣ ಇನ್‌ಫೆಕ್ಷನ್ ಕೂಡ ಜೀವ ತೆಗೆಯಬಲ್ಲದು. ಮೂವತ್ತು ನಲವತ್ತರವರಿಗೆ, ಗಟ್ಟಿಯಾಗಿರುವವರಿಗೆ ಇದೇ ದಾರಿ. ಪೂರ್ತಿ ಗುಣವಾಗುವ ಆಸೆ ಅಲ್ಲಿದೆ, ಆ ಆಸೆಗಾಗಿ ಆ ತಿಂಗಳನ್ನು ದಾಟಬೇಕು. ಇನ್ನೊಂದು ದಾರಿಯಲ್ಲಿ ಅಜಾಸೈಟಿಡಿನ್ ಇಂಜೆಕ್ಷನ್ 7 ದಿನ, ಜೊತೆಗೆ ವೆನೆಟೊಕ್ಲಾಕ್ಸ್ ಮಾತ್ರೆ. 28 ದಿನಕ್ಕೊಂದು ಸುತ್ತು. ಮೊದಲ ಸುತ್ತಿಗೆ ಅಡ್ಮಿಟ್ ಆಗಬೇಕಾಗಬಹುದು, ಆಮೇಲೆ ಬಹುಪಾಲು ಡೇ ಕೇರ್‌ನಲ್ಲೇ, ಅವತ್ತೇ ಹೋಗಿ ಅವತ್ತೇ ಮನೆಗೆ ಬರುವ ಹಾಗೆ, ಆಗುತ್ತದೆ. 75 ದಾಟಿದವರ ಮೇಲೆ, ದೊಡ್ಡ ಕೀಮೋ ತಡೆಯಲಾರದವರ ಮೇಲೆ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬರೀ ಇಂಜೆಕ್ಷನ್ ಪಡೆದವರಲ್ಲಿ ಅರ್ಧದಷ್ಟು ಜನ 9.6 ತಿಂಗಳು ದಾಟಿ ಬದುಕಿದ್ದರೆ, ಎರಡೂ ಪಡೆದವರಲ್ಲಿ ಅರ್ಧದಷ್ಟು ಜನ 14.7 ತಿಂಗಳು ದಾಟಿದ್ದರು. ಐದು ತಿಂಗಳು ಅಂದರೆ ಏನು ಮಹಾ ಅಂತ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಐದು ತಿಂಗಳಲ್ಲಿ ಒಂದು ಮದುವೆ, ಒಂದು ಬಾಣಂತನ ಮುಗಿಯುತ್ತದೆ.

ಯಾವ ದಾರಿ ಅನ್ನುವುದನ್ನು ವಯಸ್ಸು ಒಂದೇ ಹೇಳುವುದಿಲ್ಲ. ಬೋನ್ ಮ್ಯಾರೋದಿಂದ, ಅಂದರೆ ಮೂಳೆಯೊಳಗಿನ ಮಜ್ಜೆಯಿಂದ, ಸ್ವಲ್ಪ ತೆಗೆದು ಕ್ರೋಮೋಸೋಮ್ ಮತ್ತು ಜೀನ್ ಪರೀಕ್ಷೆಗೆ ಕಳಿಸುತ್ತಾರೆ. ಎಫ್‌ಎಲ್‌ಟಿ3 ಅನ್ನುವ ಜೀನ್‌ನಲ್ಲಿ ಬದಲಾವಣೆ ಕಂಡರೆ ಅದಕ್ಕೇ ಮಾತ್ರೆಗಳಿವೆ. ಬದಲಾವಣೆ ಎನ್‌ಪಿಎಂ1 ಜೀನ್‌ನಲ್ಲಿ ಮಾತ್ರ ಇದ್ದರೆ ಕಾಯಿಲೆ ಕೀಮೋಗೆ ಚೆನ್ನಾಗಿ ಬಗ್ಗುತ್ತದೆ. ಟಿಪಿ53 ಜೀನ್‌ನಲ್ಲಿ ಇದ್ದರೆ ಯಾವ ಕೀಮೋವೂ ಹೆಚ್ಚು ದಿನ ತಡೆಯುವುದಿಲ್ಲ. ಬಿಳಿ ಕಣ ವಿಪರೀತ ಏರಿಲ್ಲ, ರೋಗಿ ಸ್ಥಿರವಾಗಿದ್ದಾರೆ ಅಂದರೆ ಈ ರಿಪೋರ್ಟ್‌ಗಾಗಿ ಕೆಲವು ದಿನ ಕಾಯಬಹುದು, ಕೆಟ್ಟದ್ದೇನೂ ಆಗುವುದಿಲ್ಲ. ನಮಗೆ ಇದನ್ನು ಹೇಳಿದ್ದು ಮೂರನೇ ಡಾಕ್ಟರ್. ಎಎಂಎಲ್‌ನ ಒಂದು ಬಗೆಯಲ್ಲಿ ಮಾತ್ರ ಹೀಗೆ ಕಾಯುವಂತಿಲ್ಲ. ಎಪಿಎಲ್ ಅನ್ನುವ ಬಗೆ. ಅದರಲ್ಲಿ ರಕ್ತಸ್ರಾವ ಗಂಟೆಗಳಲ್ಲಿ ಜೀವಕ್ಕೆ ಬರುತ್ತದೆ, ಅನುಮಾನ ಬಂದ ತಕ್ಷಣ ಅಟ್ರಾ ಮಾತ್ರೆ ಶುರು ಮಾಡುತ್ತಾರೆ. ಆ ಮೊದಲ ದಿನಗಳನ್ನು ದಾಟಿದರೆ ಇಡೀ ಎಎಂಎಲ್ ಕುಟುಂಬದಲ್ಲಿ ಹೆಚ್ಚು ಗುಣವಾಗುವುದೂ ಅದೇ, ಅಟ್ರಾ ಮತ್ತು ಆರ್ಸೆನಿಕ್‌ನಿಂದ.

ಆ ಮೂರನೇ ಡಾಕ್ಟರ್ ರಿಪೋರ್ಟ್ ಮಗುಚಿಟ್ಟು, "ಇವರಿಗೆ ಗೊತ್ತಾ?" ಅಂದರು. ನಾವು ತಲೆ ತಗ್ಗಿಸಿದೆವು. ಅವರು ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತು, ಕಾಯಿಲೆಯ ಹೆಸರು ಹೇಳಿ, ಎರಡು ದಾರಿಯನ್ನೂ ಹೇಳಿದರು. ಕ್ರೋಮೋಸೋಮ್ ರಿಪೋರ್ಟ್ ಕೆಟ್ಟ ಗುಂಪಿನಲ್ಲಿದೆ, ದೊಡ್ಡ ಕೀಮೋ ಕೊಟ್ಟರೂ ಕಾಯಿಲೆ ಮರಳುವುದೇ ಹೆಚ್ಚು ಅನ್ನುವುದನ್ನೂ ಮುಚ್ಚಿಡಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಕೈ ನೋಡಿಕೊಂಡು ಕೂತಿದ್ದರು. ಆಮೇಲೆ, "ಒಂದು ತಿಂಗಳು ಒಂದೇ ರೂಮಲ್ಲಿ ಕೂರಕ್ಕೆ ನನ್ ಕೈಲಾಗಲ್ಲ ಮೇಡಂ. ಬಂದು ಹೋಗೋದು ಯಾವ್ದೋ ಅದನ್ನೇ ಕೊಡಿ" ಅಂದರು. ನನ್ನ ಕಡೆ ತಿರುಗಿ, "ನನಗೆ ಅವತ್ತೇ ಅನುಮಾನ ಬಂದಿತ್ತು ಕಣವ್ವ. ನೀನು ಅಳ್ತೀಯ ಅಂತ ಕೇಳಲಿಲ್ಲ" ಅಂದರು.

11 ದಿನ ನಾವು ಅವರನ್ನು ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು. ಅವರು ನಮ್ಮನ್ನು ಕಾಯುತ್ತಿದ್ದರು.

ನ್ಯೂಜೆರ್ಸಿಯಲ್ಲಿರುವ ತಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಬೋನ್ ಮ್ಯಾರೋ ನಾನೇ ಕೊಡುತ್ತೇನೆ, ದುಡ್ಡೂ ಹಾಕುತ್ತೇನೆ, ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಅಂದ. ಮಕ್ಕಳದ್ದು ಅರ್ಧ ಹೊಂದುತ್ತದೆ, ಅಷ್ಟರಲ್ಲೇ ಮಾಡುವವರೂ ಇದ್ದಾರೆ, ಆದರೆ ಮೊದಲು ಕಾಯಿಲೆ ಹತೋಟಿಗೆ ಬರಬೇಕು, ಆಮೇಲೂ ಅಪ್ಪ ಬೇಕು ಅನ್ನಬೇಕು ಅಂತ ಡಾಕ್ಟರ್ ಅವನಿಗೂ ವಿಡಿಯೊ ಕಾಲ್‌ನಲ್ಲಿ ಬಿಡಿಸಿ ಹೇಳಿದರು. ಅವನ ಸಂಕಟ ನನಗೆ ಅರ್ಥವಾಗುತ್ತದೆ. ದೂರದಲ್ಲಿರುವವರಿಗೆ ಮಾಡಲು ಇರುವುದು ಅಷ್ಟೇ.

ದುಡ್ಡಿನ ವಿಷಯ ಕೇಳಲು ಸಂಕೋಚ ಪಡಬೇಡಿ. ಮೊದಲ ದಿನವೇ ಕೇಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಯಾವ ಔಷಧಿ ಅದರಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಶುರು ಮಾಡುವ ಮೊದಲೇ ತಿಳಿದುಕೊಳ್ಳಬೇಕು. ವೆನೆಟೊಕ್ಲಾಕ್ಸ್ ದಿನಕ್ಕೆ 400 ಮಿಲಿಗ್ರಾಂ. ಫಂಗಸ್ ತಡೆಯುವ ವೊರಿಕೊನಜೋಲ್ ಜೊತೆಗೆ ಕೊಟ್ಟರೆ 100ಕ್ಕೆ ಇಳಿಸಲೇಬೇಕು, ಆ ಮಾತ್ರೆ ಇದನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ. ಹಾಗೆ ನಮ್ಮ ಖರ್ಚು ಎಷ್ಟೋ ಇಳಿಯಿತು. ಇದು ಡಾಕ್ಟರೇ ಮಾಡಬೇಕಾದ ಲೆಕ್ಕ, ನಾವಾಗಿ ಮಾತ್ರೆ ಕಮ್ಮಿ ಮಾಡುವುದಲ್ಲ.

ರಕ್ತದ ವ್ಯವಸ್ಥೆ ಹೇಗಿರುತ್ತದೆ ಅಂತ ಮಾತ್ರ ಯಾರೂ ಮೊದಲೇ ಹೇಳಲಿಲ್ಲ. ಪ್ಲೇಟ್‌ಲೆಟ್ ಚೀಲ ಐದೇ ದಿನ ಇಡಬಹುದು. ಅಂದರೆ ದಾನಿಗಳನ್ನು ಹುಡುಕುವುದು ಪ್ರತಿ ವಾರದ ಕೆಲಸ. ಡಿಪೋದ ಹಳೆಯ ಕಂಡಕ್ಟರ್‌ಗಳ ಮಕ್ಕಳು ಪಾಳಿ ಹಾಕಿಕೊಂಡು ಬಂದರು. ತಿಳಿ ಹಳದಿ ಬಣ್ಣದ ಆ ಚೀಲ ನೇತುಹಾಕಿದಾಗಲೆಲ್ಲ ಅಪ್ಪ, "ಇದು ಯಾರ ಮಗಂದು?" ಅಂತ ಕೇಳಿ, ಹೆಸರು ತಿಳಿದ ಮೇಲೇ ಕಣ್ಣು ಮುಚ್ಚುತ್ತಿದ್ದರು.

ಒಂದು ವರ್ಷ ಅವರು ಮನೆಯಲ್ಲಿದ್ದರು. ಜ್ವರ ಬಂದು ಮೂರು ಸಲ ಅಡ್ಮಿಟ್ ಆದದ್ದು ಬಿಟ್ಟರೆ ತಮ್ಮ ಹಾಸಿಗೆ, ತಮ್ಮ ಮುದ್ದೆ, ತಮ್ಮ ಪೇಪರ್. 14ನೇ ತಿಂಗಳಲ್ಲಿ ಬ್ಲಾಸ್ಟ್, ಅಂದರೆ ಕ್ಯಾನ್ಸರ್ ಕಣಗಳ ಸಂಖ್ಯೆ, ಮತ್ತೆ ಏರಿತು. "ಸಾಕು ಕಣವ್ವ" ಅಂದರು. ಆ ಮಾತನ್ನೂ ಅವರೇ ಹೇಳಿದರು.

ಆಗ ಊರಿನ ಹತ್ತಿರದ ಒಂದು ಕಡೆ ರಕ್ತ ಏರಿಸಲು ಕರೆದೊಯ್ದರೆ, "ಟ್ರೀಟ್‌ಮೆಂಟೇ ಬೇಡ ಅಂದ್ಮೇಲೆ ರಕ್ತ ಯಾಕೆ ವೇಸ್ಟ್ ಮಾಡೋದು?" ಅಂತ ಕೌಂಟರಿನಲ್ಲಿ ಅಂದರು. ಅಪ್ಪ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿದ್ದರು. ಕೀಮೋ ನಿಲ್ಲಿಸಿದವರಿಗೂ, ಕೊನೆಯ ದಿನಗಳಲ್ಲಿರುವವರಿಗೂ ರಕ್ತ ಸಿಗುವಂತಿರಬೇಕು ಅಂತ ನಾನು ಮೇಲೆ ಹೇಳಿದ ಆ ಮಾರ್ಗಸೂಚಿಯಲ್ಲೇ ಇದೆ. ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೇರೆ ಕಡೆ ಡೇ ಕೇರ್‌ಗೆ ಬರೆದುಕೊಟ್ಟರು, ವಾರಕ್ಕೊಮ್ಮೆ.

ಕೊನೆಯ ಸಲ ರಕ್ತ ಏರಿಸಿದ ಮರುದಿನ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಕಾರಿನಲ್ಲಿ ಮುಂದೆ ಕೂರಿಸಿಕೊಂಡು ಸಕಲೇಶಪುರದ ಆಚೆ ಶಿರಾಡಿ ಘಾಟಿಯ ಬಾಯಿಯವರೆಗೆ ಕರೆದೊಯ್ದೆ. ತಿರುವು ಬಂದಾಗಲೆಲ್ಲ ಅವರ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. "ಗೇರ್ ಇಳಿಸು, ಇಲ್ಲಿ ಲಾರಿ ಎದುರಾಗುತ್ತೆ" ಅಂದರು. ಲಾರಿ ಬಂತು. ಒಂಬತ್ತು ದಿನದ ಮೇಲೆ ಮನೆಯಲ್ಲೇ ಹೋದರು.