ಹೊಸಕೋಟೆ ಯಾವ ದಿಕ್ಕಿಗೆ?

2025ರ ಜುಲೈನಲ್ಲಿ ನಂದಿ ಬೆಟ್ಟದ ತಂಪಿನಲ್ಲಿ ಕೂತ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಟ್ಟಿತಲ್ಲ, ಎಂಥ ದೂರದೃಷ್ಟಿ! ದೇವನಹಳ್ಳಿ, ದೊಡ್ಡಬಳ್ಳಾಪುರಕ್ಕೆ ಸರಿ. ಆದರೆ ಹೊಸಕೋಟೆ? ಕೆ.ಆರ್. ಪುರದ ತೂಗುಸೇತುವೆ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಬೆಳಗಿನ ಹೊತ್ತು ಅತ್ತ ಹೊರಟವನ ಕಣ್ಣಿಗೆ ಸೂರ್ಯ ಹೊಡೆಯುತ್ತಾನೆ. ಇರಲಿ, ಸಂಪುಟ ತೀರ್ಮಾನಿಸಿದ ಮೇಲೆ ಸೂರ್ಯನದೇನು ಲೆಕ್ಕ.

ಹಿಂದಿನ ಹೆಸರಾದರೂ ನೆಟ್ಟಗಿತ್ತೇ? ಗ್ರಾಮಾಂತರ ಜಿಲ್ಲೆಗೆ ನಾಲ್ಕೇ ವಿಧಾನಸಭಾ ಕ್ಷೇತ್ರ. ಅದರಲ್ಲಿ ಒಂದೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿಲ್ಲ. ನಾಲ್ಕೂ ಚಿಕ್ಕಬಳ್ಳಾಪುರದ ಪಾಲು. ಹಾಗಾದರೆ ಆ ‘ಗ್ರಾಮಾಂತರ’ದಲ್ಲಿ ಇರುವವರು ಯಾರು? ಮಾಲು, ಮೆಟ್ರೊ ಎಲ್ಲ ಇರುವ ರಾಜರಾಜೇಶ್ವರಿನಗರದವರು! ಹೊಸಕೋಟೆಯವನು ವಾಸಕ್ಕೆ ಪೂರ್ವ, ಹೆಸರಿಗೆ ಉತ್ತರ, ಎಂಪಿ ಬೇಕೆಂದರೆ ಚಿಕ್ಕಬಳ್ಳಾಪುರ.

ಇಂಥ ಊರಿಗೆ ಮೈಕು ಹಿಡಿದು ಬರುವ ಟಿ.ವಿ. ಪಂಡಿತರು, ಇಲ್ಲಿಯ ಜನರ ಒಲವು ಯಾವ ಪಕ್ಷದ ಕಡೆ ಎಂದು ಕೇಳುತ್ತಾರೆ. ಪಕ್ಷವಂತೆ, ಪಕ್ಷ. 2004ರಿಂದ ಇಲ್ಲಿ ವಿಧಾನಸಭೆಗೆ ಗೆದ್ದವರನ್ನು ಎಣಿಸಿ: ಎಂಟಿಬಿ ನಾಗರಾಜ್, ಬಚ್ಚೇಗೌಡರು, ಎಂಟಿಬಿ, ಎಂಟಿಬಿ, ಬಚ್ಚೇಗೌಡರ ಮಗ ಶರತ್, ಮತ್ತೆ ಶರತ್. ಇರುವುದು ಎರಡು ಮನೆ. ಕಾಂಗ್ರೆಸ್ಸಿನ ಮನೆ ಬಿಜೆಪಿಗೆ ಹೋಯಿತು, ಬಿಜೆಪಿಯ ಮನೆ ಕಾಂಗ್ರೆಸ್ಸಿಗೆ ಬಂತು. ಮತದಾರ ನಿಂತಲ್ಲೇ ನಿಂತಿದ್ದಾನೆ. ಪಂಡಿತರ ಪರದೆಯ ಮೇಲೆ ಮಾತ್ರ ಬಾಣದ ಗುರುತು, ಅಲೆ, ವಿರೋಧಿ ಅಲೆ.

2019ರ ಉಪಚುನಾವಣೆ ನೆನಪಿದೆಯಲ್ಲ? ಎದೆ ಬಗೆದರೆ ಸಿದ್ದರಾಮಯ್ಯ ಕಾಣುತ್ತಾರೆ ಎನ್ನುತ್ತಿದ್ದ ಎಂಟಿಬಿ ಕಾಂಗ್ರೆಸ್ ಬಿಟ್ಟು ಕಮಲ ಹಿಡಿದು ಬಂದರು. ಅಷ್ಟು ದಿನ ಕಮಲ ಹಿಡಿದಿದ್ದ ಶರತ್ ಪಕ್ಷೇತರರಾಗಿ ಕುಕ್ಕರ್ ಗುರುತು ಹಿಡಿದು ಎದುರು ನಿಂತರು. ಅಪ್ಪ ಬಿಜೆಪಿಯದೇ ಸಂಸದರು. ಆ ದಿನಗಳಲ್ಲಿ ಹೊಸಕೋಟೆಯಲ್ಲಿ ಬಿಜೆಪಿಯ ಬೂತ್ ಕಾರ್ಯಕರ್ತನಾಗಿದ್ದವನಿಗೆ ಸರ್ಕಾರ ಪಿಂಚಣಿ ಕೊಡಬೇಕು. ವರ್ಷಗಟ್ಟಲೆ ಯಾರ ವಿರುದ್ಧ ಗಂಟಲು ಹರಿದುಕೊಂಡನೋ ಅವರಿಗೇ ಜೈ, ಯಾರಿಗೆ ಜೈ ಅಂದನೋ ಅವರಿಗೆ ಧಿಕ್ಕಾರ. ಬಾಯಿ ತಪ್ಪದಿದ್ದರೆ ಅದೇ ಪವಾಡ.

ಅವತ್ತು ಹೊಸಕೋಟೆಯಲ್ಲಿ ಮತದಾನ ಶೇ 90 ದಾಟಿತು. ಅದೇ ದಿನ, ಅದೇ ರಸ್ತೆಯ ಇನ್ನೊಂದು ತುದಿಯ ಕೆ.ಆರ್. ಪುರದಲ್ಲೂ ಉಪಚುನಾವಣೆ. ಅಲ್ಲಿ ಅರ್ಧಕ್ಕರ್ಧ ಜನವೂ ಬರಲಿಲ್ಲ. ಬೆಂಗಳೂರಿನವನಿಗೆ ಸಾಲಿನಲ್ಲಿ ನಿಂತು ಅಭ್ಯಾಸವಿಲ್ಲ ಪಾಪ ಎನ್ನೋಣವೆಂದರೆ, ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಯ ಬಿರಿಯಾನಿ ಅಂಗಡಿಗಳ ಮುಂದೆ ನೋಡಬೇಕು ಅವನನ್ನು. ಟೋಪಿ, ಜರ್ಕಿನ್ನು, ನಿದ್ದೆಗಣ್ಣು. ಹಂಡೆಯ ಮುಚ್ಚಳ ತೆಗೆದು ಹಬೆ ಎದ್ದರೆ ಸಾಲಿನುದ್ದಕ್ಕೂ ಒಂದು ನಿಟ್ಟುಸಿರು. ಯಾರೂ ಸಾಲು ಮುರಿಯುವುದಿಲ್ಲ, ಬಿಸಿಲು, ದೂಳು, ಪಾರ್ಕಿಂಗ್ ಎಂಬ ಗೊಣಗಾಟವಿಲ್ಲ. ಇದೇ ಮಹಾಶಯನಿಗೆ ಮನೆಯಿಂದ ಕೂಗಳತೆಯ ಶಾಲೆಯಲ್ಲಿರುವ ಮತಗಟ್ಟೆ ದೂರ. ಬಿರಿಯಾನಿಯನ್ನಾದರೂ ನಂಬಬಹುದು ಎಂದು ಅವನ ವಾದವಿರಬಹುದು. ನನ್ನಲ್ಲಿ ಅದಕ್ಕೆ ಉತ್ತರವಿಲ್ಲ.

ಯಾಕೆಂದರೆ ಆ ಶೇ 90ಕ್ಕೆ ಏನಾಯಿತು ನೋಡಿ. ಪಕ್ಷಾಂತರಕ್ಕೆ ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು ಸುಪ್ರೀಂ ಕೋರ್ಟ್. ಎಂಟಿಬಿ ನಿಂತರು. ಜನ ಸೋಲಿಸಿದರು. ಮುಗಿಯಬೇಕಿತ್ತು. ಆರೇ ತಿಂಗಳಿಗೆ ಎಂಟಿಬಿ ವಿಧಾನ ಪರಿಷತ್ತಿನಲ್ಲಿ, 2021ರ ಜನವರಿಗೆ ಮಂತ್ರಿ! ಅದೇ ಪಾಳಿಯಲ್ಲಿ ಹುಣಸೂರಿನಲ್ಲಿ ಸೋತ ವಿಶ್ವನಾಥ್ ಪರಿಷತ್ತಿಗೆ ನಾಮನಿರ್ದೇಶನಗೊಂಡವರು, ಆದ್ದರಿಂದ ಅವರು ಮಂತ್ರಿಯಾಗುವಂತಿಲ್ಲ. ಎಂಟಿಬಿಯಂತೆ ಶಾಸಕರ ಮತದಿಂದ ಆರಿಸಿ ಬಂದವರು ಆಗಬಹುದು. ಎಷ್ಟು ನವಿರಾದ ಕಾನೂನು! ಎಂಟಿಬಿಗೆ ಮೊದಲು ಕೊಟ್ಟ ಅಬಕಾರಿ ಖಾತೆ ರುಚಿಸದೆ ಮುನಿಸಿಕೊಂಡಾಗ ಸಿಕ್ಕಿದ್ದು ಪೌರಾಡಳಿತ. ಸ್ವಂತ ಊರಿನ ಪೌರರು ಬೇಡವೆಂದವರ ಕೈಗೆ ಇಡೀ ರಾಜ್ಯದ ನಗರಸಭೆ, ಪುರಸಭೆಗಳು. ಹೊಸಕೋಟೆ ನಗರಸಭೆಯೂ ಸೇರಿ.

ನಗು ಬರುತ್ತಿಲ್ಲ, ಕ್ಷಮಿಸಿ. ಕೂಲಿ ಬಿಟ್ಟು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಗುಂಡಿ ಒತ್ತಿದವಳು ಹೇಳಿದ್ದು ಒಂದೇ ಮಾತು, ಬೇಡ ಅಂತ. ಅದನ್ನು ಕೇಳಿಸಿಕೊಳ್ಳುವುದಕ್ಕೂ ಇವರಿಗೆ ಪುರುಸೊತ್ತಿಲ್ಲ. ಸೋತವರಿಗೆ ಪರಿಷತ್ತಿನ ಹಿಂಬಾಗಿಲು ತೆರೆಯದ ಪಕ್ಷ ರಾಜ್ಯದಲ್ಲಿ ಯಾವುದಿದೆ ಹೇಳಿ. ಆ ಬಾಗಿಲಿಗೆ ಬೀಗ ಹಾಕೋಣವೆಂದು ಯಾರೂ ಬಾಯಿ ಬಿಡುವುದಿಲ್ಲ. ನಾಳೆ ತಮ್ಮವರೇ ಸೋಲಬಹುದಲ್ಲ.