ಹೆಸರು ಬಾಡಿಗೆಗೆ ಇದೆ

ಅರವತ್ತು ದಿನ. ಹುರುಳಿಕಾಯಿ ಬಿತ್ತಿದರೆ ಕೊಯ್ಲಿಗೆ ಬರುವಷ್ಟು ಹೊತ್ತು. ಅಮೆರಿಕದ ಫ್ಲೋರಿಡಾ ರಾಜ್ಯದ ಮಾಜಿ ಸೆನೆಟರ್ ಫ್ರಾಂಕ್ ಆರ್ಟಿಲೆಸ್‌ಗೆ ಮಯಾಮಿಯ ನ್ಯಾಯಾಲಯ 2024ರ ನವೆಂಬರಿನಲ್ಲಿ ವಿಧಿಸಿದ್ದು ಅಷ್ಟು ದಿನದ ಜೈಲು, ಕೊಸರಿಗೆ ಐದು ವರ್ಷದ ಪ್ರೊಬೇಷನ್. ಇಡೀ ಒಂದು ಸೆನೆಟ್ ಕ್ಷೇತ್ರವನ್ನು ಒಂದೇ ಒಂದು ಹೆಸರಿನಿಂದ ಮಗುಚಿ ಹಾಕಿದ ಕಲಾವಿದನಿಗೆ ಇಷ್ಟೇನಾ? ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಏನೂ ಬೇಡವೇ?

ಈ ಸುದ್ದಿಯಲ್ಲಿ ನನಗೆ ಸ್ವಂತ ಆಸಕ್ತಿಯಿದೆ. ನನ್ನ ಹೆಸರು ಮಂಜುನಾಥ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಟ್ಟು ಮೂವರು ಮಂಜುನಾಥರು. ಬಿ ಬ್ಲಾಕ್ ಮಂಜುನಾಥರ ಕುಕ್ಕರ್ ಗ್ಯಾಸ್ಕೆಟ್, ಮೂರನೇ ಮಹಡಿ ಮಂಜುನಾಥರ ಪ್ರೋಟೀನ್ ಪುಡಿ ಎಲ್ಲವೂ ಬಂದು ಬಡಿಯುವುದು ನನ್ನ ಬಾಗಿಲನ್ನೇ. ಕ್ಯಾಷ್ ಆನ್ ಡೆಲಿವರಿ ಆದರಂತೂ ಕೊರಿಯರ್ ಹುಡುಗ ನನ್ನನ್ನು ಸಾಲಗಾರನಂತೆ ನೋಡುತ್ತಾನೆ. ಇಷ್ಟು ವರ್ಷ ಈ ಹೆಸರು ಬರೀ ತಾಪತ್ರಯ ಅಂದುಕೊಂಡಿದ್ದೆ. ಇಂಥ ಹೆಸರಿಗೂ 50,000 ಡಾಲರ್ ಕೊಡುತ್ತೇನೆನ್ನುವ ಪುಣ್ಯಾತ್ಮರು ಜಗತ್ತಿನಲ್ಲಿದ್ದಾರೆ ಎಂದು ತಿಳಿದದ್ದೇ ಅಲೆಕ್ಸ್ ರೊಡ್ರಿಗ್ಸ್‌ ದೆಸೆಯಿಂದ.

ಅಲೆಕ್ಸ್ ಯಂತ್ರದ ಬಿಡಿಭಾಗ ಮಾರುವವರು. ಕೈ ಬರಿದಾಗಿತ್ತು. ಆರ್ಟಿಲೆಸ್ ಹಳೇ ಪರಿಚಯ. 2020ರ ಚುನಾವಣೆಯ ಹೊತ್ತಿಗೆ 37ನೇ ಕ್ಷೇತ್ರದ ಸೆನೆಟರ್ ಆಗಿದ್ದವರು ಡೆಮಾಕ್ರಟಿಕ್ ಪಕ್ಷದ ಹೊಸೆ ಹಾವಿಯೆರ್ ರೊಡ್ರಿಗ್ಸ್. ಮಯಾಮಿ ಕಡೆ ರೊಡ್ರಿಗ್ಸ್ ಅಂದರೆ ನಮ್ಮಲ್ಲಿ ಗೌಡ, ಶೆಟ್ಟಿ ಅಂದಹಾಗೆ, ಬೀದಿಗೆ ನಾಲ್ಕು. ಅದರಲ್ಲಿ ಒಬ್ಬರನ್ನು ಆರಿಸಿ ತಂದು, ರಿಪಬ್ಲಿಕನ್ ಎಂದಿದ್ದ ನೋಂದಣಿಯನ್ನು ಪಕ್ಷವಿಲ್ಲದವರು ಎಂದು ಬದಲಾಯಿಸಿ, ಕ್ಷೇತ್ರದ ಹೊರಗೆ ಬೋಕಾ ರೇಟನ್‌ನಲ್ಲಿದ್ದವರಿಗೆ ಹಳೆಯ ವಿಳಾಸ ಹಾಕಿಸಿ ನಿಲ್ಲಿಸಿದ್ದಾಯಿತು. ಅರ್ಧ ಹಣ ಈಗ, ಉಳಿದರ್ಧ ಚುನಾವಣೆ ಮುಗಿದ ಮೇಲೆ. ಮದುವೆ ಛತ್ರದವರೂ ಅಡ್ವಾನ್ಸ್ ತೆಗೆದುಕೊಳ್ಳುವುದು ಹೀಗೆಯೇ.

ಅಭ್ಯರ್ಥಿ ಪ್ರಚಾರಕ್ಕೆ ಹೋಗಲಿಲ್ಲ. ಒಂದು ಭಾಷಣವಿಲ್ಲ, ಒಂದು ಕೈಮುಗಿತವಿಲ್ಲ. ಯಾರೋ ದುಡ್ಡು ಹಾಕಿ ಅಚ್ಚು ಹಾಕಿಸಿದ ಕರಪತ್ರಗಳು ಮಾತ್ರ ಅಂಚೆಯಲ್ಲಿ ಮನೆಮನೆಗೆ ಬಂದವು. ಫಲಿತಾಂಶ ನೋಡಿ: ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದ ಕಣದಲ್ಲಿ ಅಲೆಕ್ಸ್‌ಗೆ 6,382. ಮರುಎಣಿಕೆಯೂ ಮುಗಿದ ಮೇಲೆ ಹೊಸೆ ಹಾವಿಯೆರ್ ಸೋತದ್ದು 32 ಮತದಿಂದ. ನಮ್ಮಲ್ಲಿ ಅಷ್ಟು ಜನ ಒಂದು ಟೆಂಪೋದಲ್ಲಿ ಕೂತು ಮದುವೆಗೆ ಹೋಗುತ್ತಾರೆ.

ಪಾಪ, ಆ ಸೋತವರು ಗುರುತು ಸಿಗದ ಮನುಷ್ಯರೇನಲ್ಲ. ಸಮುದ್ರ ಮೇಲೇರಿ ಮಯಾಮಿಗೆ ನೀರು ನುಗ್ಗುತ್ತಿದೆ, ಹವಾಮಾನದ ಬಗ್ಗೆ ಏನಾದರೂ ಮಾಡಿ ಎಂದು ಬರೆಸಿದ ಕಪ್ಪು ಗಂಬೂಟು ಹಾಕಿಕೊಂಡೇ ಸೆನೆಟ್ಟಿಗೆ ಬರುತ್ತಿದ್ದರು. ಸೂಟು, ಟೈ, ಕೆಳಗೆ ಗದ್ದೆಗಿಳಿಯುವವರ ಬೂಟು. ಅಷ್ಟೆಲ್ಲ ಮಾಡಿಯೂ ಮತಪತ್ರದ ಮೇಲೆ ಅವರು ಬರೀ ಒಂದು ರೊಡ್ರಿಗ್ಸ್. ಮತಪತ್ರದಲ್ಲಿ ಗಂಬೂಟಿನ ಚಿತ್ರ ಇರುವುದಿಲ್ಲವಲ್ಲ.

ನಮ್ಮ ಊರಿನ ಶಾಲೆಯಲ್ಲಿ ಇದಕ್ಕೆಲ್ಲ ವ್ಯವಸ್ಥೆಯಿತ್ತು. ಏಳನೇ ಕ್ಲಾಸಿನಲ್ಲಿ ನಾವು ನಾಲ್ಕು ಜನ ಮಂಜರು. ಕೋಲು ಮಂಜ, ಡುಮ್ಮ ಮಂಜ, ಗಿರಣಿ ಮಂಜ, ಮತ್ತು ನಾನು. ನನ್ನ ಅಡ್ಡಹೆಸರು ಇಲ್ಲಿ ಬೇಡ. ಕ್ಲಾಸ್ ಲೀಡರ್ ಆರಿಸಲು ಮೇಷ್ಟ್ರು ಚೀಟಿ ಬರೆಸಿದಾಗ ಹನ್ನೊಂದು ಚೀಟಿಯಲ್ಲಿ ಬರೀ ‘ಮಂಜ’ ಎಂದಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಹನ್ನೊಂದನ್ನೂ ಗಿರಣಿ ಮಂಜನ ಲೆಕ್ಕಕ್ಕೆ ಜಮಾ ಮಾಡಿದರು. ಅವರ ಮನೆಯ ರಾಗಿ ಬೀಸುವುದು ಆ ಗಿರಣಿಯಲ್ಲೇ, ಲೆಕ್ಕ ಬರೆಸುವುದೂ ಅಲ್ಲೇ. ಅನ್ಯಾಯ ಹೌದು, ಆದರೆ ಕಣ್ಣೆದುರಿಗೆ ನಡೆದ ಅನ್ಯಾಯ. ಯಾರು ಯಾರ ಪರ ಎಂದು ಮೂರನೇ ಬೆಂಚಿನವನಿಗೂ ಗೊತ್ತಿತ್ತು.

ನಮ್ಮ ಚುನಾವಣಾ ನಿಯಮವೂ ಹೆಚ್ಚುಕಡಿಮೆ ಮೇಷ್ಟ್ರದ್ದೇ. ಇಬ್ಬರು ಅಭ್ಯರ್ಥಿಗಳ ಹೆಸರು ಒಂದೇ ಆದರೆ ಕಸುಬನ್ನೋ ವಾಸದ ಊರನ್ನೋ ಸೇರಿಸಿ ಬೇರೆ ತೋರಿಸಬೇಕು ಎಂದು ಅದು ಹೇಳುತ್ತದೆ. ಗಿರಣಿ ಮಂಜ, ಬಿಡಿಭಾಗ ರೊಡ್ರಿಗ್ಸ್. ಸಾಲದೆಂದು 2015ರಿಂದ ಮತಯಂತ್ರದ ಮೇಲೆ ಫೋಟೋ ಕೂಡ ಅಂಟಿಸುತ್ತಾರೆ. ಆದರೂ ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಅಂಬರೀಶ್ ಎದುರಿಗೆ ಇನ್ನೂ ಮೂವರು ಸುಮಲತಾರು ಪ್ರತ್ಯಕ್ಷರಾದರು. ಅಷ್ಟೊಂದು ಸುಮಲತಾರಿಗೆ ಒಂದೇ ವಾರದಲ್ಲಿ ದೇಶಸೇವೆಯ ಕರೆ ಬಂದದ್ದು ಹೇಗೋ! ಗೆಲುವಿನ ಅಂತರ 1,25,876 ಇದ್ದದ್ದರಿಂದ ಅವರೆಲ್ಲ ಲೆಕ್ಕಕ್ಕೆ ಬರಲಿಲ್ಲ. ಅಂತರ ಮೂವತ್ತೆರಡಾಗಿದ್ದರೆ ಇವತ್ತಿಗೂ ಮದ್ದೂರಿನ ಟೀ ಅಂಗಡಿಯಲ್ಲಿ ಅದೇ ಮಾತು.

ಮಂಜೇಶ್ವರದವರನ್ನು ಕೇಳಿ. ನಮ್ಮ ಕನ್ನಡ, ತುಳು ಮಾತಿನ ಊರು, ಮತ ಹಾಕುವುದು ಕೇರಳಕ್ಕೆ. 2016ರಲ್ಲಿ ಅಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಸೋತದ್ದು 89 ಮತದಿಂದ. ಕೆ. ಸುಂದರ ಎನ್ನುವವರಿಗೆ ಬಿದ್ದದ್ದು 467. ಮುಂದಿನ ಸಲ, 2021ರಲ್ಲಿ, ಸುಂದರ ನಾಮಪತ್ರ ಹಾಕಿ ವಾಪಸ್ ತೆಗೆದುಕೊಂಡರು. ವಾಪಸ್ ತೆಗೆಯಲು ಎರಡೂವರೆ ಲಕ್ಷ ರೂಪಾಯಿ, ಒಂದು ಮೊಬೈಲ್ ಬಂತು ಎಂದು ಆಮೇಲೆ ಅವರೇ ಹೇಳಿದರು. ಕೇಸಾಯಿತು, 2024ರಲ್ಲಿ ಕಾಸರಗೋಡಿನ ನ್ಯಾಯಾಲಯ ಸುರೇಂದ್ರನ್ ಮತ್ತಿತರರನ್ನು ಆರೋಪದಿಂದ ಬಿಟ್ಟಿತು. ಅದು ಇರಲಿ. ನನ್ನ ತಲೆಗೆ ಹೊಳೆದದ್ದು ವ್ಯಾಪಾರದ ಸಂಗತಿ: ಫ್ಲೋರಿಡಾದಲ್ಲಿ ಹೆಸರು ನಿಲ್ಲಿಸಲು ಕಾಸು, ಇಲ್ಲಿ ನಿಲ್ಲದಿರಲೂ ಕಾಸು ಕೇಳಬಹುದೇನೋ. ಒಂದು ಸೈಟು ಮಾಡಿಟ್ಟುಕೊಂಡದ್ದಕ್ಕಿಂತ ಒಂದು ಹೆಸರು ಇಟ್ಟುಕೊಂಡದ್ದೇ ಮೇಲು. ಸುಪ್ರೀಂ ಕೋರ್ಟಿನ ಅಡ್ಡಿಯೂ ಇಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಒಂದೇ ಎಂಬ ಕಾರಣಕ್ಕೆ ಚುನಾವಣೆಗೆ ನಿಲ್ಲಬೇಡ ಎನ್ನಲಾಗುತ್ತದೆಯೇ ಎಂಬ ಅರ್ಥದಲ್ಲಿ ಕೇಳಿ, ಇಂಥವರನ್ನು ತಡೆಯಿರಿ ಎಂದ ಅರ್ಜಿಯನ್ನು 2024ರ ಮೇ ತಿಂಗಳಲ್ಲಿ ವಿಚಾರಣೆಗೆ ತೆಗೆದುಕೊಳ್ಳಲು ಅದು ಒಪ್ಪಲಿಲ್ಲ. ನ್ಯಾಯವಾದ ಮಾತೇ. ನಾನು ಹುಟ್ಟುವಾಗ ಧರ್ಮಸ್ಥಳಕ್ಕೆ ಹರಕೆ ಹೊತ್ತವರು ನಮ್ಮಜ್ಜಿ, ನನ್ನ ತಪ್ಪೇನು?

ಮತ್ತೆ ಮಯಾಮಿಗೆ ಬರೋಣ. ಅಲೆಕ್ಸ್ ಕೈಗೆ ಒಟ್ಟು ಸಂದದ್ದು 44,708 ಡಾಲರು, ಮೂರು ಸೆಂಟು. ಆ ಮೂರು ಸೆಂಟಿನ ಪ್ರಾಮಾಣಿಕತೆಗೆ ನಾನು ಮಾರುಹೋದೆ. ಅದರಲ್ಲಿ 10,900 ಡಾಲರು ಒಂದು ರೇಂಜ್ ರೋವರ್ ಕಾರಿನ ಬಾಬ್ತು. ಕಾರು ಅಲೆಕ್ಸ್‌ದಲ್ಲ, ಮಾರುವುದಕ್ಕೆ ಅವರ ಹತ್ತಿರ ಕಾರೇ ಇರಲಿಲ್ಲ. ಇಲ್ಲದ ಕಾರು ಮಾರಿದ ಇಲ್ಲದ ಅಭ್ಯರ್ಥಿ. ಚುನಾವಣೆ ಮುಗಿದ ಮೇಲೆ ಪತ್ರಕರ್ತೆಯೊಬ್ಬರು ಮನೆ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿದರೆ, ನಾನು ಅಲೆಕ್ಸ್ ಅಲ್ಲ ಎಂದುಬಿಟ್ಟರು! ಅವರ ಹತ್ತಿರ ಮಾರಾಟಕ್ಕಿದ್ದ ಒಂದೇ ಸರಕು ಆ ಹೆಸರು. ಅದನ್ನೂ ಬಾಗಿಲಲ್ಲೇ ಬಿಟ್ಟುಕೊಟ್ಟರು. ಕೊನೆಗೆ ತಪ್ಪೊಪ್ಪಿಕೊಂಡು ಸಾಕ್ಷಿ ಹೇಳಿದರು.

ಹಾಗಾದರೆ ಅಪರಾಧ ಯಾವುದು? ಮತದಾರನಿಗೆ ಟೋಪಿ ಹಾಕಿದ್ದು ಅಂದುಕೊಂಡಿರಾ? ಅಲ್ಲ ಸ್ವಾಮಿ. ಒಂದೇ ಹೆಸರಿನವರನ್ನು ಹುಡುಕಿ ನಿಲ್ಲಿಸುವುದು ಅಲ್ಲಿ ಅಪರಾಧವೇ ಅಲ್ಲ. ಒಬ್ಬ ಅಭ್ಯರ್ಥಿಗೆ ಒಬ್ಬರು ಕೊಡಬಹುದಾದ ದೇಣಿಗೆಗೆ 1,000 ಡಾಲರ್ ಮಿತಿ ಇದೆ, ಅದನ್ನು ಮೀರಿದ್ದು, ಮೀರಲು ಸಂಚು ಮಾಡಿದ್ದು, ಸುಳ್ಳು ಪ್ರಮಾಣ ಮಾಡಿಸಿದ್ದು ಅಪರಾಧ. ಮನೆಗೆ ಕನ್ನ ಹಾಕಿದವನಿಗೆ ಸೈಕಲ್ ದೀಪ ಇಲ್ಲವೆಂದು ದಂಡ ಹಾಕಿದ ಹಾಗೆ. 999 ಡಾಲರಿಗೆ ಒಪ್ಪುವ ರೊಡ್ರಿಗ್ಸ್ ಸಿಕ್ಕಿದ್ದರೆ ಆರ್ಟಿಲೆಸ್ ಇವತ್ತು ಎಲ್ಲಾದರೂ ಚುನಾವಣಾ ತಂತ್ರದ ತರಬೇತಿ ಕೊಡುತ್ತಿದ್ದರು.

ಗೆದ್ದ ರಿಪಬ್ಲಿಕನ್ ಅಭ್ಯರ್ಥಿ ಇಲಿಯಾನಾ ಗಾರ್ಸಿಯಾ ಅವರಿಗೆ ಈ ಸಂಚು ಗೊತ್ತಿತ್ತು ಎನ್ನಲು ಪುರಾವೆಯಿಲ್ಲ ಎಂದು ಸರ್ಕಾರಿ ವಕೀಲರೇ ಹೇಳಿದರು. ಅವರು ಸೆನೆಟ್ಟಿನಲ್ಲಿ ಕೂತರು, ಕಾನೂನು ಮಾಡಿದರು. 2022ರಲ್ಲಿ ಕ್ಷೇತ್ರಗಳ ಗಡಿ ಹೊಸದಾಗಿ ಎಳೆದಾಗ 37 ಹೋಗಿ 36 ಆಯಿತು, ಅಲ್ಲೂ ಗೆದ್ದರು. ತೀರ್ಪು ಬಂದದ್ದು ನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ಆ ಹಳೇ ಕ್ಷೇತ್ರವೇ ನಕಾಶೆಯಲ್ಲಿರಲಿಲ್ಲ. ಆ 6,382 ಜನ ಎಲ್ಲರೂ ಹೆಸರು ನೋಡಿ ಎಡವಿದರು ಎಂದು ನಾನು ಹೇಳುತ್ತಿಲ್ಲ. ಮೂವತ್ತಮೂರು ಜನ ಎಡವಿದ್ದರೂ ಸಾಕಿತ್ತು. ಕೆಲಸ ಬಿಟ್ಟು, ಕೊರೋನಾ ಕಾಲದಲ್ಲಿ ಮಾಸ್ಕ್ ಹಾಕಿಕೊಂಡು ಸಾಲಿನಲ್ಲಿ ನಿಂತು, ತಮ್ಮವರೆಂದುಕೊಂಡು ಯಾರಿಗೋ ಗುರುತು ಹಾಕಿ ಬಂದ ಜನ.  ಅವರಿಗೆ ಮರುಚುನಾವಣೆ ಇಲ್ಲ. ನ್ಯಾಯಾಲಯದಲ್ಲಿ ಡಾಲರಿನ ಲೆಕ್ಕ ಸೆಂಟಿನವರೆಗೆ ನಡೆಯಿತು, ಮತದ ಲೆಕ್ಕ ಕೇಳುವವರಿರಲಿಲ್ಲ. ಇಲ್ಲೂ ಅಷ್ಟೇ, ಅಲ್ಲೂ ಅಷ್ಟೇ. ಓದಿ ಓದಿ ಸಾಕಾಗಿದೆ ನನಗೆ.

ಇರಲಿ, ಹೊಟ್ಟೆಪಾಡು. ಹೆಸರು ಬಾಡಿಗೆಗೆ ಇದೆ. ಮಂಜುನಾಥ, ಸ್ವಚ್ಛ, ಒಂದೇ ಕೈಯಲ್ಲಿ ಬಳಸಿದ್ದು. ಇನಿಷಿಯಲ್ ನಿಮಗೆ ಬೇಕಾದ ಹಾಗೆ ಹೊಂದಿಸಿ ಕೊಡಲಾಗುವುದು. ನಿಲ್ಲಲು ಒಂದು ದರ, ಹಿಂದೆ ಸರಿಯಲು ಇನ್ನೊಂದು. ರೇಂಜ್ ರೋವರ್ ಬೇಡ, ಸ್ಕೂಟರ್ ಸಾಕು, ಆದರೆ ನಿಜವಾದದ್ದು ಇರಲಿ.

ಇಷ್ಟು ಬರೆಯುವ ಹೊತ್ತಿಗೆ ಬೆಲ್ಲಾಯಿತು. ಕೊರಿಯರ್ ಹುಡುಗ. ಕೈಯಲ್ಲಿ ಮೊಣಕಾಲುದ್ದದ ಡಬ್ಬ.

“ಮಂಜುನಾಥ್ ಅಂದ್ರೆ ನೀವೇನಾ ಸಾರ್? ಸಾವಿರದ ಎಂಟುನೂರ ನಲವತ್ತು ಕೊಡಬೇಕು.”

“ಅಲ್ಲಪ್ಪ,” ಅಂದೆ. “ಅವರು ಊರಲ್ಲಿಲ್ಲ.”